ಟೀ ಫ್ಯಾಕ್ಟರಿಯ ಚಾವಣಿ ಮೇಲೆ ಬಿಸಿಲು

ಒಂದು ಕಿಲೋ ಟೀ ಪುಡಿಗೆ ಸುಮಾರು ನಾಲ್ಕೂವರೆ ಕಿಲೋ ಹಸಿ ಸೊಪ್ಪು ಬೇಕು. ಮಿಕ್ಕಿದ್ದೆಲ್ಲ ನೀರು. ಆ ನೀರನ್ನು ಓಡಿಸಲು ನೀಲಗಿರಿಯ ಫ್ಯಾಕ್ಟರಿಗಳು ಸೌದೆ ಉರಿಸುತ್ತವೆ. ಮೆಣಸಿನಕಾಯಿ, ಹಪ್ಪಳ, ಕಾಫಿ ಎಲ್ಲ ಬಿಸಿಲಲ್ಲೇ ಒಣಗುವಾಗ ಟೀ ಮಾತ್ರ ಯಾಕೆ ಒಣಗಬಾರದು? ಕೇಳಬೇಕಾದ ಪ್ರಶ್ನೆಯೇ, ಅಲ್ವಾ?

ಹಿಂದೆ ಬಿಸಿಲಿಗೂ ಒಂದು ಪಾಲು ಇತ್ತು. 1830ರ ದಶಕದಲ್ಲಿ ಅಸ್ಸಾಮಿಗೆ ಬಂದ ಚೀನೀ ಕೆಲಸಗಾರರು ಸೊಪ್ಪನ್ನು ಬಿದಿರು ತಟ್ಟೆಗಳಲ್ಲಿ ಹರಡಿ ಬಿಸಿಲಲ್ಲಿ ಬಾಡಿಸುತ್ತಿದ್ದರು. ಕೊನೆಗೆ ಒಣಗಿಸುವುದು ಮಾತ್ರ ಇದ್ದಿಲ ಕೆಂಡದ ಮೇಲೆ. ಅದಕ್ಕೆ ಕಾರಣ ಇದೆ. ಉಜ್ಜಿ ಹೊಸಕಿದ ಸೊಪ್ಪು ಗಾಳಿ ತಾಗಿ ನಿಧಾನಕ್ಕೆ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಹದ ಬಂದ ಕೂಡಲೇ ಎಲೆಯೊಳಗಿನ ಕಿಣ್ವಗಳ ಕೆಲಸ ನಿಲ್ಲಿಸಬೇಕು. ಅದಕ್ಕೆ 90–100 ಡಿಗ್ರಿಯ ಬಿಸಿಗಾಳಿ ಬೇಕು. ಅಂಗಳದಲ್ಲಿ ಹರವಿಟ್ಟರೆ ಒಣಗುವಷ್ಟರಲ್ಲಿ ಹದ ಮೀರಿರುತ್ತದೆ. ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ ಪು-ಅರ್ ಚಹಾವನ್ನು ಇವತ್ತಿಗೂ ಬಿಸಿಲಲ್ಲೇ ಒಣಗಿಸುತ್ತಾರೆ, ನಿಜ. ಆದರೆ ಅಲ್ಲಿ ಎಲೆಯನ್ನು ಮೊದಲೇ ಬಾಣಲೆಯಲ್ಲಿ ಬಿಸಿ ಮಾಡಿ ಬಿಡುತ್ತಾರೆ. ನಾವು ಹಾಲು ಹಾಕಿ ಕುಡಿಯುವ ಕಪ್ಪು ಚಹಾಕ್ಕೆ ಆ ದಾರಿ ಇಲ್ಲ.

1870ರ ದಶಕದಲ್ಲಿ ಇದ್ದಿಲಿನ ಕಾಲ ಮುಗಿಯುತ್ತ ಬಂತು. ಅಸ್ಸಾಮಿನ ಕಾಚಾರಿನ ಟೀ ತೋಟದಲ್ಲಿ ದುಡಿದಿದ್ದ ಸ್ಯಾಮ್ಯುಯೆಲ್ ಡೇವಿಡ್‌ಸನ್ ಎಂಬ ಐರ್ಲೆಂಡಿನವನು ‘ಸಿರೊಕ್ಕೊ’ ಡ್ರೈಯರ್ ತಂದ. ಬೆಂಕಿ ಒಂದು ಕಡೆ, ಸೊಪ್ಪು ಇನ್ನೊಂದು ಕಡೆ, ನಡುವೆ ಬರೀ ಬಿಸಿಗಾಳಿ. ಸೊಪ್ಪಿಗೆ ಹೊಗೆ ತಾಗುವುದು ತಪ್ಪಿತು. ಬೇಕಾದ್ದು ಗಾಳಿ ಮಾತ್ರ ಅಂದಮೇಲೆ ಅದು ಯಾವುದರಿಂದ ಬಿಸಿಯಾದರೇನು? ಸೋಲಾರ್‌ಗೆ ಬಾಗಿಲು ತೆರೆದದ್ದು ಇಲ್ಲೇ ಅನ್ನಬಹುದು. ಆದರೆ ಆ ಬಾಗಿಲಲ್ಲಿ ಯಾರಾದರೂ ಕಾಲಿಡಲು ನೂರು ವರ್ಷಕ್ಕೂ ಜಾಸ್ತಿ ಹಿಡಿಯಿತು.

ಸೌದೆ ಧಾರಾಳವಾಗಿತ್ತಲ್ಲ! 19ನೇ ಶತಮಾನದಲ್ಲಿ ಆಸ್ಟ್ರೇಲಿಯಾದಿಂದ ತಂದ ನೀಲಗಿರಿ ಮರ ಬೆಟ್ಟದ ತುಂಬ ಹಬ್ಬಿತ್ತು. ಮುಂದೆ ನೀಲಗಿರಿಯ ಗೂಡಲೂರು ಕಡೆಯ ಮರ ಕಡಿತದ ವಿಚಾರ ಗೋದಾವರ್ಮನ್ ಎಂಬವರು ಹೂಡಿದ ಮೊಕದ್ದಮೆಯಾಗಿ ಸುಪ್ರೀಂ ಕೋರ್ಟಿಗೆ ಹೋಯಿತು. ಕಾಡಿನ ಮರಕ್ಕೆ ಸುಮ್ನೆ ಕೊಡಲಿ ಹಾಕುವಂತಿಲ್ಲ ಅಂತ 1996ರ ಡಿಸೆಂಬರಿನಲ್ಲಿ ಆದೇಶ ಬಂತು. ಹೆಚ್ಚುಕಡಿಮೆ ಅದೇ ಕಾಲಕ್ಕೆ, 1990ರ ದಶಕದಲ್ಲಿ, ತಮಿಳುನಾಡಿನ ಪ್ಲಾಂಟರ್ಸ್ ಎನರ್ಜಿ ನೆಟ್‌ವರ್ಕ್ ಎಂಬ ಸಂಸ್ಥೆ ದಕ್ಷಿಣದ ಟೀ ಫ್ಯಾಕ್ಟರಿಗಳ ಚಾವಣಿಗೆ ಸೋಲಾರ್ ಏರ್ ಹೀಟರ್ ಕೂರಿಸಿ ನೋಡಿತು.

ಅದು ಸರಳ ಸಾಧನ. ಕಪ್ಪು ಬಣ್ಣ ಬಳಿದ ತಗಡು, ಮೇಲೆ ಗಾಜು, ನಡುವೆ ಹಾದುಹೋಗುವ ಗಾಳಿ. ಆ ಗಾಳಿಯನ್ನು ಫ್ಯಾನ್ ಎಳೆದು ಸೌದೆ ಒಲೆಯ ಹೀಟರಿಗೆ ಕೊಡುತ್ತದೆ. ಹೊರಗಿನ ಗಾಳಿ 20 ಡಿಗ್ರಿ ಇದ್ದರೆ ಅದನ್ನು 100ಕ್ಕೆ ಏರಿಸಬೇಕು, ಅಂದರೆ 80 ಡಿಗ್ರಿ ಏರಿಕೆ. ಅದರಲ್ಲಿ 20–25 ಡಿಗ್ರಿ ಬಿಸಿಲೇ ಕೊಟ್ಟರೆ ಆ ಹೊತ್ತಿನ ಸೌದೆಯಲ್ಲಿ ಕಾಲು ಭಾಗ ಉಳಿಯಿತು. ಚಾವಣಿಯಂತೂ ಮೊದಲೇ ಇದೆ.

ಹಾಗಿದ್ದರೆ ಎಲ್ಲ ಫ್ಯಾಕ್ಟರಿಗಳೂ ಯಾಕೆ ಹಾಕಿಸಲಿಲ್ಲ? ತೊಡಕು ಹೊತ್ತಿನದು. ಹಗಲು ಕಿತ್ತ ಸೊಪ್ಪು 12ರಿಂದ 18 ಗಂಟೆ ಬಾಡಬೇಕು. ಹಾಗಾಗಿ ಡ್ರೈಯರ್‌ಗೆ ಎಷ್ಟೋ ಸಲ ನಡುರಾತ್ರಿ, ನಸುಕಿನಲ್ಲಿ ಕೆಲಸ. ಮಳೆ ಬಂದಾಗ ಚಿಗುರು ಜೋರು, ಆಗ ಮೋಡವೂ ಜೋರು. ಈಗಂತೂ ಅದೇ ಚಾವಣಿಗೆ ಸೋಲಾರ್ ವಿದ್ಯುತ್ ಫಲಕಗಳ ಪೈಪೋಟಿಯೂ ಇದೆ.

ನನ್ನನ್ನು ಕೇಳಿದರೆ, ಹಗಲಿನ ಬಿಸಿಗಾಳಿಗೆ ಸುಲಭದ ಕೆಲಸ ಇರುವುದು ಸೌದೆ ಶೆಡ್ಡಿನಲ್ಲಿ. ಹಸಿ ಸೌದೆ ಉರಿಸಿದರೆ ಶಾಖದ ಒಂದು ಪಾಲು ಅದರೊಳಗಿನ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಹಗಲಲ್ಲಿ ಸೌದೆ ಒಣಗಿಸಿಟ್ಟುಕೊಂಡರೆ ರಾತ್ರಿ ಪಾಳಿಗೆ ಕಮ್ಮಿ ಸೌದೆ ಸಾಕು.