ಕ್ಯಾನ್ಸರ್ ಹೋಯಿತು, ಗಾಯ ಮಾಯಲಿಲ್ಲ

ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಆದರೂ ನಮ್ಮ ರಾಯಚೂರು ಕಡೆ ದವಡೆಯಲ್ಲಿ ತಂಬಾಕು ಇಟ್ಟುಕೊಳ್ಳುವವರು ಕಡಿಮೆಯೇನಿಲ್ಲ. ಬಾಯಿ ಕ್ಯಾನ್ಸರ್ ಆದವರು ಬೆಂಗಳೂರಿನ ಕಿದ್ವಾಯಿಗೋ ಹೈದರಾಬಾದಿಗೋ ಹೋಗಿ ಆಪರೇಷನ್ ಮಾಡಿಸಿಕೊಂಡು, ಕರೆಂಟ್ ಇಡಿಸಿಕೊಂಡು ಬರುತ್ತಾರೆ. ಕೆಲವರಿಗೆ ತಿಂಗಳುಗಳಾದರೂ ಗಾಯ ಮಾಯುವುದಿಲ್ಲ. ಕುಡಿದ ನೀರು ಕತ್ತಿನ ತೂತಿನಿಂದ ಸೋರುತ್ತದೆ. ಮನೆಯವರಿಗೆ ದಿಕ್ಕೇ ತೋಚುವುದಿಲ್ಲ.

ಕರೆಂಟ್, ಅಂದರೆ ರೇಡಿಯೇಷನ್, ಕ್ಯಾನ್ಸರ್ ಕೋಶಗಳ ಜೊತೆಗೆ ಸುತ್ತಲಿನ ಸಣ್ಣ ರಕ್ತನಾಳಗಳನ್ನೂ ಹಾಳು ಮಾಡುತ್ತದೆ. ರಕ್ತ ಹರಿಯದ ಕಡೆ ಹೊಸ ಮಾಂಸ ಬೆಳೆಯುವುದಿಲ್ಲ. ತೊಡೆಯ ಚರ್ಮ ತೆಗೆದು ಹಚ್ಚಿದರೆ ಆಗದೇ? ಹಚ್ಚಿದ ಚರ್ಮ ಮೊದಲ ಒಂದೆರಡು ದಿನ ಗಾಯದಲ್ಲಿ ಒಸರುವ ನೀರು ಹೀರಿ ಬದುಕುತ್ತದೆ. ಆಮೇಲೆ ಕೆಳಗಿನ ರಕ್ತನಾಳಗಳು ಬಂದು ಕೂಡಿಕೊಳ್ಳಲೇಬೇಕು. ಬರಿ ಮೂಳೆಯ ಮೇಲೆ ಅದು ನಿಲ್ಲುವುದಿಲ್ಲ. ಅದಕ್ಕೇ ಎದೆಯ ಸ್ನಾಯುವನ್ನು ಅದರದೇ ರಕ್ತನಾಳದ ಸಮೇತ ಕತ್ತಿಗೆ ತಿರುಗಿಸಿ ಹೊಲಿಯುತ್ತಾರೆ. 1979ರಿಂದ ಬಳಕೆಯಲ್ಲಿರುವ ಈ ವಿಧಾನ ದೊಡ್ಡ ತೂತಿಗೆ ಇಂದಿಗೂ ಗಟ್ಟಿ ಆಸರೆ.

ಸೊರಗಿದ ರೋಗಿಗೆ ಇನ್ನೊಂದು ದೊಡ್ಡ ಆಪರೇಷನ್ ತಡೆಯುವ ಶಕ್ತಿ ಇರಬೇಕಲ್ವಾ? ಆ ಶಕ್ತಿ ಇಲ್ಲದ ಕಡೆ ಜೈವಿಕ ಪದರಗಳು ನೆರವಿಗೆ ಬರುತ್ತವೆ. ದಾನಿಯ ಅಥವಾ ಪ್ರಾಣಿಯ ಚರ್ಮದಿಂದ ಕೋಶಗಳನ್ನೆಲ್ಲ ತೊಳೆದು ತೆಗೆದರೆ ಕೊಲಾಜನ್ ಎಂಬ ನಾರಿನಂಥ ಪ್ರೋಟೀನಿನ ಬಲೆ ಉಳಿಯುತ್ತದೆ. ಹೀರೆ ಬಳ್ಳಿಗೆ ಚಪ್ಪರ ಹಾಕಿದ ಹಾಗೆ. ರೋಗಿಯ ಕೋಶಗಳು, ಎಳೆ ರಕ್ತನಾಳಗಳು ಅದರೊಳಗೆ ಹಬ್ಬುತ್ತವೆ. ಎಷ್ಟೋ ಪದರಗಳು ಬರಬರುತ್ತಾ ಕರಗುತ್ತವೆ. ಹೊಟ್ಟೆಯಲ್ಲಿ ಮಗುವನ್ನು ಸುತ್ತಿಕೊಂಡಿದ್ದು ಹೆರಿಗೆಯಾದ ಮೇಲೆ ಎಸೆಯುವ ನೀರಿನ ಚೀಲದ ತೆಳು ಪೊರೆಯೂ ಹೀಗೆ ಬಳಕೆಯಾಗುತ್ತದೆ. ಅದರಲ್ಲಿ ರಕ್ತನಾಳಗಳೇ ಇಲ್ಲ, ದೇಹ ಅದನ್ನು ತಿರಸ್ಕರಿಸುವುದೂ ತೀರಾ ಕಡಿಮೆ. ತಾಯಿಗೆ ಎಚ್‌ಐವಿ, ಹೆಪಟೈಟಿಸ್ ಇಲ್ಲವೆಂದು ಖಚಿತವಾದ ಮೇಲೆಯೇ ತೆಗೆದುಕೊಳ್ಳುತ್ತಾರೆ. ಐಸ್‌ಲ್ಯಾಂಡಿನಲ್ಲಿ ಕಾಡ್ ಮೀನಿನ ಚರ್ಮದಿಂದಲೂ ಇಂಥ ಪದರ ತಯಾರಿಸುತ್ತಾರೆ. ಕೆಲವು ಪದರಗಳು ದನದ್ದು, ಕೆಲವು ಹಂದಿಯದ್ದು. ಯಾವುದೆಂದು ಮೊದಲೇ ಕೇಳಿ, ಅದು ನಿಮ್ಮ ಹಕ್ಕು.

ಪದರ ಹಾಕುವ ಮುಂಚೆ ಗಾಯದ ಚೂರನ್ನು ಪರೀಕ್ಷೆಗೆ ಕಳಿಸಬೇಕಾಗಬಹುದು. ಕ್ಯಾನ್ಸರ್ ಮರಳಿದ್ದರೂ ಗಾಯ ಮಾಯುವುದಿಲ್ಲ. ಸೋಂಕು, ಸತ್ತ ಮಾಂಸ ಇದ್ದರೆ ಮೊದಲು ತೆಗೆಯಬೇಕು. ಇಲ್ಲದಿದ್ದರೆ ದುಬಾರಿ ಪದರವೂ ಸುಮ್ನೆ ಹಾಳು.

ಉಳಿದ ಕೆಲಸ ಮನೆಯಲ್ಲಿ. ಬ್ಯಾಂಡೇಜ್ ಬಿಚ್ಚಿ ಅರಿಶಿನ, ಸೊಪ್ಪಿನ ರಸ ಹಚ್ಚಬೇಡಿ. ನಿಕೋಟಿನ್ ರಕ್ತನಾಳಗಳನ್ನು ಬಿಗಿಯುತ್ತದೆ, ಹಾಗಾಗಿ ತಂಬಾಕು ಪೂರ್ತಿ ಬಿಡಲೇಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ. ಮೂಗಿನ ನಳಿಕೆಯಲ್ಲಿ ಊಟ ಕೊಡುತ್ತಿದ್ದರೆ ಪ್ರೋಟೀನ್ ಎಷ್ಟು ಬೇಕೆಂದು ಕೇಳಿ ತಿಳಿದುಕೊಳ್ಳಿ. ಡಿಸ್ಚಾರ್ಜ್ ಚೀಟಿ ಜೋಪಾನ. ಊರಿನ ಆಸ್ಪತ್ರೆಯಲ್ಲಿ ಡ್ರೆಸ್ಸಿಂಗ್ ಮಾಡುವವರಿಗೆ ಯಾವ ಪದರ ಹಾಕಿದ್ದಾರೆ, ಯಾವಾಗ ಬಿಚ್ಚಬೇಕು ಎಂಬುದು ಅದರಿಂದಲೇ ಗೊತ್ತಾಗಬೇಕು.