ಎದೆನೀರಿನಲ್ಲಿ ಸಿಕ್ಕ ಕೋಶಗಳು

ಕಾಪುವಿನಲ್ಲಿರುವ ಚಿಕ್ಕಪ್ಪನ ಮಗ ಕಳೆದ ಮಳೆಗಾಲದಲ್ಲಿ ಒಂದು ರಿಪೋರ್ಟಿನ ಫೋಟೊ ಕಳಿಸಿದ್ದ. ಚಿಕ್ಕಪ್ಪನ ಎದೆಯ ಬಲಭಾಗದಲ್ಲಿ ನೀರು ತುಂಬಿತ್ತು. ಸೂಜಿ ಹಾಕಿ ತೆಗೆದು ಪರೀಕ್ಷೆಗೆ ಕೊಟ್ಟಿದ್ದರು. "ಲಿಂಫೋಸೈಟ್ ಜಾಸ್ತಿ ಇದೆ, ಕ್ಯಾನ್ಸರ್ ಕೋಶ ಕಂಡಿಲ್ಲ ಅಂತ ಬರೆದಿದ್ದಾರೆ. ಹಾಗಾದ್ರೆ ಹೆದರುವಂಥದ್ದು ಏನಿಲ್ಲ ಅಲ್ವಾ ಅಕ್ಕ?" ಮಣಿಪಾಲದಲ್ಲಿ ಪೆಥಾಲಜಿ ಓದಿ, ಇಪ್ಪತ್ತು ವರ್ಷದಿಂದ ಮೈಕ್ರೋಸ್ಕೋಪಿನ ಮುಂದೆ ಕೂತಿರುವ ನನಗೆ ಹೌದೆನ್ನಲೂ ಆಗಲಿಲ್ಲ, ಅಲ್ಲವೆನ್ನಲೂ ಆಗಲಿಲ್ಲ.

ಶ್ವಾಸಕೋಶವನ್ನು ಹೊದ್ದಿರುವ ತೆಳು ಪೊರೆಗೆ ಪ್ಲೂರಾ ಎನ್ನುತ್ತಾರೆ. ಅದಕ್ಕೆ ಎರಡು ಪದರ. ಉಸಿರಾಡುವಾಗ ಅವು ಉಜ್ಜದೆ ಜಾರಬೇಕಲ್ಲ, ಅದಕ್ಕಾಗಿ ಆರೋಗ್ಯವಂತರಲ್ಲೂ ನಡುವೆ 10–20 ಮಿಲಿಲೀಟರ್ ದ್ರವ ಇರುತ್ತದೆ. ಅದೇ ಜಾಗದಲ್ಲಿ ಒಂದೂವರೆ ಲೀಟರ್ ನಿಂತರೆ ಶ್ವಾಸಕೋಶಕ್ಕೆ ಅರಳಲು ಎಡೆಯಿಲ್ಲ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು.

ಹೃದಯ ಸೋತಾಗ ಒತ್ತಡ ಹೆಚ್ಚಿ ನೀರು ಸುಮ್ಮನೆ ಒಸರುತ್ತದೆ, ಪೊರೆಗೆ ರೋಗವಿರುವುದಿಲ್ಲ. ಪೊರೆಯೇ ಕೆರಳಿದರೆ ನೀರಿನ ಜೊತೆ ಪ್ರೋಟೀನೂ ಸೋರುತ್ತದೆ. ರಿಚರ್ಡ್ ಲೈಟ್ ಮತ್ತು ಸಂಗಡಿಗರು 1972ರಲ್ಲಿ ಕೊಟ್ಟ ಅಳತೆಗೋಲು ಇವತ್ತಿಗೂ ಬಳಕೆಯಲ್ಲಿದೆ: ಎದೆನೀರಿನ ಪ್ರೋಟೀನು ರಕ್ತದ್ದರ ಅರ್ಧಕ್ಕಿಂತ ಹೆಚ್ಚಿದ್ದರೆ ಕೆರಳಿಕೆಯನ್ನು ಹುಡುಕಬೇಕು. ಎಲ್‌ಡಿಎಚ್ ಕಿಣ್ವಕ್ಕೂ ಇಂಥದೇ ಲೆಕ್ಕವಿದೆ.

ಆಮೇಲೆ ಕೋಶಗಳ ಸರದಿ. ನ್ಯೂಟ್ರೋಫಿಲ್, ಲಿಂಫೋಸೈಟ್ ಎರಡೂ ಬಿಳಿ ರಕ್ತಕಣಗಳ ಬಗೆಗಳು. ನ್ಯೂಟ್ರೋಫಿಲ್‌ಗಳು ತುಂಬಿದ್ದರೆ ನ್ಯುಮೋನಿಯಾ, ಕೀವು, ಅಂತೂ ಹೊಸದಾಗಿ ಹತ್ತಿಕೊಂಡ ಉರಿ. ಲಿಂಫೋಸೈಟ್‌ಗಳು ತುಂಬಿದ್ದರೆ ವಾರಗಟ್ಟಲೆ ಒಳಗೇ ಕುದಿಯುತ್ತಿರುವ ಕಾಯಿಲೆ. ನಮ್ಮ ದೇಶದಲ್ಲಿ ಮೊದಲ ಗುಮಾನಿ ಟಿಬಿಯದು. ಆದರೆ ಟಿಬಿಯ ಮೊದಲ ಕೆಲವು ದಿನಗಳಲ್ಲಿ ನ್ಯೂಟ್ರೋಫಿಲ್‌ಗಳೇ ಹೆಚ್ಚಿರಬಹುದು. ಕ್ಯಾನ್ಸರಿನ ನೀರಿನಲ್ಲೂ ಲಿಂಫೋಸೈಟ್‌ಗಳು ಧಾರಾಳ. ಟಿಬಿಯ ಕ್ರಿಮಿಯನ್ನೇ ಹಿಡಿಯೋಣವೆಂದರೆ ಎದೆನೀರಿನಲ್ಲಿ ಅದು ಕಣ್ಣಿಗೆ ಬೀಳುವುದೇ ಅಪರೂಪ, ಏಕೆಂದರೆ ಅಲ್ಲಿ ಸೇರಿದ ನೀರು ಬಹುಪಾಲು ಬೆರಳೆಣಿಕೆಯ ಕ್ರಿಮಿಗಳ ಮೇಲೆ ದೇಹ ತೋರಿದ ಸಿಟ್ಟು. ಅದಕ್ಕೇ ಎಡಿಎ ಎಂಬ ಕಿಣ್ವವನ್ನು ಅಳೆಯುತ್ತೇವೆ. ಲಿಂಫೋಸೈಟ್ ಹೆಚ್ಚಿದ್ದು ಎಡಿಎಯೂ 40 ಯೂನಿಟ್ ದಾಟಿದ್ದರೆ ತಕ್ಕಡಿ ಟಿಬಿಯ ಕಡೆ ವಾಲುತ್ತದೆ.

ನನ್ನ ಕೈ ನಿಜವಾಗಿ ತಡೆಯುವುದು ಮೀಸೋಥೀಲಿಯಲ್ ಕೋಶಗಳ ಮುಂದೆ. ಇವು ಪ್ಲೂರಾದ್ದೇ ಒಳಮೈ ಕೋಶಗಳು. ಪೊರೆ ಕೆರಳಿದಾಗ ಉದುರಿ ನೀರಿಗೆ ಬೀಳುತ್ತವೆ, ಊದಿಕೊಳ್ಳುತ್ತವೆ, ಎರಡೆರಡು ನ್ಯೂಕ್ಲಿಯಸ್ ತೋರಿಸುತ್ತವೆ, ಗುಂಪುಗೂಡುತ್ತವೆ. ಕ್ಯಾನ್ಸರ್ ಕೋಶವೂ ಮಾಡುವುದು ಇದನ್ನೇ! ವ್ಯತ್ಯಾಸ ಅಂಚಿನಲ್ಲಿದೆ. ಮೀಸೋಥೀಲಿಯಲ್ ಕೋಶದ ಅಂಚು ನೀರುದೋಸೆಯ ಅಂಚಿನಂತೆ ಜಾಲರಿ ಜಾಲರಿ. ಪಕ್ಕಪಕ್ಕದ ಎರಡು ಕೋಶಗಳ ನಡುವೆ ಸಣ್ಣ ಕಿಂಡಿ. ಅಡಿನೋಕಾರ್ಸಿನೋಮ ಎಂಬ ಗ್ರಂಥಿಕೋಶದ ಕ್ಯಾನ್ಸರಿನ ಕೋಶಗಳು ಎಳ್ಳುಂಡೆಯ ಹಾಗೆ ಒತ್ತೊತ್ತಾಗಿ ಉಂಡೆ ಕಟ್ಟುತ್ತವೆ, ಹೊರ ಅಂಚು ನುಣುಪು. ಹೀಗೆ ಬರೆದಷ್ಟು ಸಲೀಸಾಗಿ ಸ್ಲೈಡಿನಲ್ಲಿ ಕಾಣುವುದಿಲ್ಲ. ಅನುಮಾನ ಉಳಿದರೆ ನೀರಿನ ಗಸಿಯನ್ನು ಮೇಣದಲ್ಲಿ ಕೂರಿಸಿ, ತೆಳ್ಳಗೆ ಕೊಯ್ದು, ವಿಶೇಷ ಬಣ್ಣ ಹಾಕುತ್ತೇವೆ. ಕಾಲ್‌ರೆಟಿನಿನ್ ಹತ್ತಿದರೆ ಪೊರೆಯ ಕೋಶ, ಟಿಟಿಎಫ್-1 ಹತ್ತಿದರೆ ಹೆಚ್ಚಾಗಿ ಶ್ವಾಸಕೋಶದ ಕ್ಯಾನ್ಸರ್.

"ಕಂಡಿಲ್ಲ" ಎಂಬ ಪದಕ್ಕೆ ಬರುತ್ತೇನೆ. ಕ್ಯಾನ್ಸರಿನಿಂದಲೇ ನೀರು ತುಂಬಿದ ನೂರು ಜನರಲ್ಲಿ ಮೊದಲ ಸಲದ ನೀರಿನಲ್ಲಿ ಆ ಕೋಶ ಸಿಗುವುದು ಸುಮಾರು 60 ಜನರಲ್ಲಿ. ಉಳಿದವರಲ್ಲಿ ಗೆಡ್ಡೆ ಪೊರೆಗೆ ಅಂಟಿ ಕೂತಿರುತ್ತದೆ, ನೀರಿಗೆ ಕೋಶ ಉದುರಿಸಿರುವುದಿಲ್ಲ. ಆಗ ಇನ್ನೊಮ್ಮೆ ನೀರು ತೆಗೆಯಬೇಕು, ಇಲ್ಲವೇ ಪೊರೆಯ ಚೂರನ್ನೇ ತೆಗೆದು ನೋಡಬೇಕು.

ತಮ್ಮನಿಗೆ ಫೋನ್ ಮಾಡಿ ಇಷ್ಟೆಲ್ಲ ಹೇಳಿದೆ. ಎಡಿಎ ಮಾಡಿಸಿದ್ದಾರಾ ಎಂದು ಕೇಳಿದೆ. ಇಲ್ಲ. ಚಿಕ್ಕಪ್ಪನಿಗೆ ಜ್ವರ ಇತ್ತಾ? "ಒಂದು ತಿಂಗಳಿಂದ ದಿನಾ ಸಂಜೆ ಬರ್ತದೆ ಅಕ್ಕ. ಮಳೆಗಾಲದ ಜ್ವರ ಅಂದ್ಕೊಂಡಿದ್ವಿ." ಪಂಚೆ ಸಡಿಲವಾಗುವಷ್ಟು ತೂಕವೂ ಇಳಿದಿತ್ತಂತೆ. ಬಾಟಲಿಯ ಜೊತೆ ಲ್ಯಾಬಿಗೆ ಹೋದ ಚೀಟಿಯ ಫೋಟೊವನ್ನೂ ತರಿಸಿಕೊಂಡು ನೋಡಿದೆ. ಅದರಲ್ಲಿ ಹೆಸರು, ವಯಸ್ಸು, "ಎದೆನೀರು" ಇಷ್ಟೇ ಇತ್ತು.