ಓಡ್ವಯರ್: ಡಯರ್ ಅಲ್ಲ, ಓ. ಡಯರ್ ಕೂಡ ಅಲ್ಲ

ಪ್ರತಿ ವರ್ಷ ಏಪ್ರಿಲ್ 13 ಬಂತು ಅಂದ್ರೆ ಜಲಿಯನ್‌ವಾಲಾ ಬಾಗ್ ನೆನಪಿನ ಪೋಸ್ಟರ್‌ಗಳು ಮೊಬೈಲಿನಲ್ಲಿ ತುಂಬಿಕೊಳ್ಳುತ್ತವೆ. ಅದರಲ್ಲಿ ಒಂದಾದರೂ 'ಉಧಮ್ ಸಿಂಗ್ ಲಂಡನ್ನಿಗೆ ಹೋಗಿ ಜನರಲ್ ಡಯರ್‌ನನ್ನು ಕೊಂದ' ಅಂತ ಹೇಳೇ ಹೇಳುತ್ತದೆ. ಈಚೆಗೆ ಒಂದು ರಸಪ್ರಶ್ನೆ ಹಾಳೆ ನೋಡಿದೆ. ಅದರಲ್ಲಿ 'ಎಂ. ಓ. ಡಯರ್' ಅಂತ ಅಚ್ಚಾಗಿತ್ತು. ಐರಿಷ್ ಮನೆತನದ ಹೆಸರಿನ ಮೊದಲ ಅಕ್ಷರ ನಮ್ಮವರ ಕೈಯಲ್ಲಿ ಇನಿಷಿಯಲ್ ಆಗಿಬಿಟ್ಟಿದೆ. ಇನ್ನು ಸುಮ್ನಿರೋದು ಕಷ್ಟ.

ಗುಂಡು ಹಾರಿಸಲು ಆಜ್ಞೆ ಕೊಟ್ಟ ರೆಜಿನಾಲ್ಡ್ ಡಯರ್ 1927ರಲ್ಲೇ ಇಂಗ್ಲೆಂಡಿನಲ್ಲಿ ಕಾಯಿಲೆ ಬಿದ್ದು ಸತ್ತ. 1940ರ ಮಾರ್ಚ್ 13ರಂದು ಲಂಡನ್ನಿನ ಕ್ಯಾಕ್ಸ್‌ಟನ್ ಹಾಲಿನಲ್ಲಿ ಉಧಮ್ ಸಿಂಗ್ ಕೊಂದದ್ದು ಮೈಕೆಲ್ ಓಡ್ವಯರ್‌ನನ್ನು. 1919ರಲ್ಲಿ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಆಗಿದ್ದವನು ಇವನು. ಇಷ್ಟು ಬಹಳ ಜನಕ್ಕೆ ಗೊತ್ತು. ಆದರೆ ಗೊತ್ತಿದ್ದವರೂ 'ಓ ಡಯರ್' ಎಂದು ಬರೆದು, ಇಬ್ಬರೂ ದಾಯಾದಿಗಳೇನೋ ಅನ್ನಿಸುವ ಹಾಗೆ ಮಾಡುತ್ತಾರೆ. ಒಂದು ಐರಿಷ್ ಹೆಸರು, ಇನ್ನೊಂದು ಇಂಗ್ಲಿಷ್ ಹೆಸರು. ಒಂದರ ಬೇರಿಗೂ ಇನ್ನೊಂದರ ಬೇರಿಗೂ ಸಂಬಂಧವೇ ಇಲ್ಲ.

ಮೊದಲು ಆ 'ಓ' ವಿಷಯ. ಇದರ ಬಗ್ಗೆ ಜಾಸ್ತಿ ಹೇಳಲೇಬೇಕು, ಯಾಕಂದ್ರೆ ಗೊಂದಲ ನಮ್ಮಲ್ಲಿ ಮಾತ್ರ ಇಲ್ಲ, ಇಂಗ್ಲಿಷ್ ಮಾತಾಡುವವರಲ್ಲೂ ಇದೆ. ಐದು ಗಂಟೆಗೆ 'ಫೈವ್ ಓ ಕ್ಲಾಕ್' ಅಂತಾರಲ್ವಾ, ಅಲ್ಲಿಯ 'ಓ' ಇಂಗ್ಲಿಷಿನ 'ಆಫ್' ಪದದ ಚೂರು. ಓಡ್ವಯರ್, ಓಬ್ರಿಯನ್, ಓನೀಲ್ ಹೆಸರುಗಳಲ್ಲಿರುವುದೂ ಅದೇ ಚೂರು ಎಂದು ತುಂಬಾ ಜನ ನಂಬಿದ್ದಾರೆ. ಖಂಡಿತ ಅಲ್ಲ. ಇದು ಐರಿಷ್ ಭಾಷೆಯ ಪೂರ್ತಿ ಪದ. ಹಳೆಯ ರೂಪ 'ಉಅ', ಅರ್ಥ ಮೊಮ್ಮಗ. ಆಮೇಲೆ 'ವಂಶದವನು' ಅನ್ನುವ ಅರ್ಥಕ್ಕೆ ಹಿಗ್ಗಿತು. 'ಮ್ಯಾಕ್' ಅಂದ್ರೆ ಮಗ, 'ಓ' ಅಂದ್ರೆ ಮೊಮ್ಮಗ ಮತ್ತು ಅವನಿಂದಾಚೆಗಿನವರು. 1014ರಲ್ಲಿ ಕ್ಲಾಂಟಾರ್ಫ್ ಯುದ್ಧದಲ್ಲಿ ಸತ್ತ ಬ್ರಿಯಾನ್ ಬೊರು ಎಂಬ ರಾಜನ ಮೊಮ್ಮಕ್ಕಳ ಕಡೆಯವರೇ ಓಬ್ರಿಯನ್‌ಗಳು. ಮನೆತನದ ಹೆಸರು ಅಪ್ಪನಿಂದ ಮಗನಿಗೆ ಖಾಯಂ ಆಗಿ ಇಳಿಯುವ ಪದ್ಧತಿ ಯುರೋಪಿನಲ್ಲಿ ಬಲು ಬೇಗ ಬೇರೂರಿದ ದೇಶಗಳಲ್ಲಿ ಐರ್ಲೆಂಡ್ ಒಂದು. ಹತ್ತು ಹನ್ನೊಂದನೇ ಶತಮಾನದ ಮಾತು ಇದು.

ಹಾಗಾದರೆ ಇಂಗ್ಲಿಷಿನಲ್ಲಿ O'Dwyer ಎಂದು ಬರೆಯುವಾಗ O ಪಕ್ಕ ಮೇಲೆ ತೂಗಾಡುವ ಆ ಅಲ್ಪವಿರಾಮ ಎಲ್ಲಿಂದ ಬಂತು? ಐರಿಷ್ ಬರವಣಿಗೆಯಲ್ಲಿ ದೀರ್ಘ ಸ್ವರದ ತಲೆಯ ಮೇಲೆ ಒಂದು ಓರೆ ಗೆರೆ ಎಳೆಯುತ್ತಾರೆ. ಅದು ನಮ್ಮ ದೀರ್ಘದ ಚಿಹ್ನೆ ಮಾಡುವ ಕೆಲಸವನ್ನೇ ಮಾಡುತ್ತದೆ. ಇಂಗ್ಲಿಷಿನಲ್ಲಿ ದಾಖಲೆ ಬರೆಯುವವರಿಗೆ ಆ ಗೆರೆಯ ಅರ್ಥ ಗೊತ್ತಿರಲಿಲ್ಲ. ತಲೆಯ ಮೇಲಿದ್ದದ್ದು ಜಾರಿ ಪಕ್ಕಕ್ಕೆ ಬಂದು ಕೂತಿತು, ಏನೋ ಅಕ್ಷರ ಬಿಟ್ಟುಹೋಗಿದೆ ಅನ್ನುವ ಗುರುತಿನ ವೇಷ ಹಾಕಿತು. ನಿಜಕ್ಕೂ ಅಲ್ಲಿ ಏನೂ ಬಿಟ್ಟುಹೋಗಿಲ್ಲ. ಇವತ್ತಿಗೂ ಐರಿಷ್‌ನಲ್ಲಿ ಹೆಸರು ಬರೆದುಕೊಳ್ಳುವವರು ಆ ಚಿಹ್ನೆ ಹಾಕುವುದಿಲ್ಲ. ತಲೆಗೆ ಗೆರೆ ಎಳೆದು, ಜಾಗ ಬಿಟ್ಟು, ಮುಂದಿನ ಪದ ಬರೆಯುತ್ತಾರೆ.

ಇನ್ನೊಂದು ವಿಷಯ. 'ಓ' ಗಂಡಸರ ಪದ. ಮೊಮ್ಮಗ ಅಂತ ಅರ್ಥ ಇರೋವಾಗ ಹೆಂಗಸಿಗೆ ಅದು ಹೊಂದುವುದಾದರೂ ಹೇಗೆ? ಐರಿಷ್‌ನಲ್ಲಿ ಆ ಮನೆಯ ಮಗಳ ಹೆಸರಿಗೆ 'ನೀ' ಸೇರುತ್ತದೆ, ಮದುವೆಯಾಗಿ ಬಂದ ಸೊಸೆಯ ಹೆಸರಿಗೆ 'ಈ' ಸೇರುತ್ತದೆ. ಇಂಗ್ಲಿಷ್ ರೂಪದಲ್ಲಿ ಈ ವ್ಯತ್ಯಾಸ ಅಳಿಸಿಹೋಗಿ, ಅಜ್ಜಿಯೂ ಓಡ್ವಯರ್, ಮೊಮ್ಮಗಳೂ ಓಡ್ವಯರ್.

ಈಗ ಉಳಿದ ಭಾಗ. ಐರಿಷ್ ಉಚ್ಚಾರಣೆ ಹೆಚ್ಚುಕಡಿಮೆ 'ಓ ಡಿವಿರ್'. ಡಿವಿರ್ ಅನ್ನುವುದು ಒಬ್ಬ ಮೂಲಪುರುಷನ ಹೆಸರಿನಿಂದ ಬಂದದ್ದು. ಆ ಹೆಸರಿನಲ್ಲಿ ಎರಡು ಪದ ಸೇರಿವೆ. ಒಂದಕ್ಕೆ ಕಪ್ಪು ಎಂದರ್ಥ, ಇನ್ನೊಂದಕ್ಕೆ ಮಾಸಲು ಕಂದು. ಮೈಬಣ್ಣವೋ ಕೂದಲೋ ನೋಡಿ ಇಟ್ಟ ಹೆಸರಿರಬೇಕು. ಕಪ್ಪು ಅನ್ನುವ ಆ ಪದ 'ಡುವ್'. ನಿಮಗೆ ಗೊತ್ತಿರುವ ಹೆಸರುಗಳಲ್ಲೇ ಅದು ಅಡಗಿ ಕೂತಿದೆ. ಡಬ್ಲಿನ್ ಅಂದ್ರೆ ಕಪ್ಪು ಮಡು. ಡಾಯ್ಲ್ ಅಂದ್ರೆ ಕಪ್ಪು ಪರದೇಶಿಯ ವಂಶದವನು. ಡಫಿಯಲ್ಲೂ ಅದೇ ಕಪ್ಪು ಇದೆ. ಓಡ್ವಯರ್‌ನಲ್ಲಿ ಆ 'ಡುವ್' ಉಳಿದಿರುವುದು 'ಡ್ವ' ಒತ್ತಕ್ಷರದಲ್ಲಿ. ಹಿಂದಿಯಲ್ಲೂ ಕನ್ನಡದಲ್ಲೂ ನಾವು ಮೊದಲು ಕೈಬಿಡುವುದು ಅದೇ ವಕಾರವನ್ನು. ವಕಾರ ಹೋದ ಮೇಲೆ ಉಳಿಯುವುದು ಡಯರ್, ಅಂದ್ರೆ ಇಂಗ್ಲಿಷರ ಬಟ್ಟೆಗೆ ಬಣ್ಣ ಹಾಕುವವನು!

ಹೌದು, ಡಯರ್ ಶುದ್ಧ ಕಸುಬಿನ ಹೆಸರು. ಉತ್ತರ ಕರ್ನಾಟಕದ ರಂಗರೇಜ ಮನೆತನದ ಹೆಸರಿಗೂ ಇದಕ್ಕೂ ಅರ್ಥ ಒಂದೇ. ಬಣ್ಣ ಹಾಕುವ ಹೆಂಗಸಿಗೆ ಹಳೆಯ ಇಂಗ್ಲಿಷಿನಲ್ಲಿದ್ದ ಪದವೇ ಮುಂದೆ ಡೆಕ್ಸ್‌ಟರ್ ಆಯಿತು. ಕ್ರಿಕೆಟ್ ನೋಡುವವರಿಗೆ ಟೆಡ್ ಡೆಕ್ಸ್‌ಟರ್ ನೆನಪಿರಬಹುದು. ಅಂದರೆ ಜನರಲ್ ಡಯರ್‌ಗೆ ಹೆಸರಿನ ನಂಟು ಹುಡುಕುವುದಿದ್ದರೆ ಆ ಬ್ಯಾಟ್ಸ್‌ಮನ್ ಹತ್ತಿರದವನು, ಗವರ್ನರ್ ಅಲ್ಲ.

ಓಡ್ವಯರ್‌ಗಳ ನೆಲ ಐರ್ಲೆಂಡಿನ ದಕ್ಷಿಣಕ್ಕಿರುವ ಟಿಪ್ಪರರಿ ಕೌಂಟಿಯ ಕಿಲ್ನಮಾನ. ಆ ಹೆಸರಿನ ಅರ್ಥ ಸನ್ಯಾಸಿಗಳ ಕಾಡು. ಅಲ್ಲಿ ಅವರು ಪಾಳೆಯಗಾರರ ಹಾಗೆ ಇದ್ದರು. ಹದಿನೇಳನೇ ಶತಮಾನದ ಮಧ್ಯದಲ್ಲಿ ಇಂಗ್ಲೆಂಡಿನ ಕ್ರಾಮ್‌ವೆಲ್ ಸೈನ್ಯದ ಎದುರು ಸೋತ ಮೇಲೆ ಜಮೀನು ಕೈತಪ್ಪಿತು, ಎಷ್ಟೋ ಜನ ಯುರೋಪಿನ ಬೇರೆ ರಾಜರ ಸೈನ್ಯ ಸೇರಿದರು. ಹೆಸರುಗಳ ಮೇಲೆ ಇಂಗ್ಲಿಷರ ಕಣ್ಣು ಇನ್ನೂ ಹಳೆಯದು. 1465ರ ಒಂದು ಕಾನೂನು ಡಬ್ಲಿನ್ ಸುತ್ತಮುತ್ತಲಿನ ಐರಿಷರಿಗೆ ಇಂಗ್ಲಿಷ್ ಹೆಸರು ಇಟ್ಟುಕೊಳ್ಳಿ ಎಂದು ಅಪ್ಪಣೆ ಮಾಡಿತ್ತು. ಊರಿನ ಹೆಸರಾದರೂ ಆಗಬಹುದು, ಬ್ರೌನ್ ವೈಟ್ ಥರ ಬಣ್ಣದ ಹೆಸರಾದರೂ ಸರಿ, ಸ್ಮಿತ್ ಥರ ಕಸುಬಿನ ಹೆಸರಾದರೂ ಸರಿ. ಕಿಲ್ನಮಾನ ಆ ಕಾನೂನು ನಡೆಯುವ ಪ್ರದೇಶದ ಹೊರಗಿತ್ತು. ಆದರೂ ಮುಂದಿನ ಎರಡು ಶತಮಾನಗಳಲ್ಲಿ ಇಂಗ್ಲಿಷರ ಆಳ್ವಿಕೆ ಬಿಗಿಯಾದಂತೆ ಅಲ್ಲಿಯೂ 'ಓ' ಉದುರಿ ಬರೀ ಡ್ವಯರ್ ಉಳಿಯಿತು. 1798ರ ದಂಗೆಯ ನಂತರ ವಿಕ್ಲೋ ಬೆಟ್ಟಗಳಲ್ಲಿ ವರ್ಷಗಟ್ಟಲೆ ಬ್ರಿಟಿಷರಿಗೆ ಸಿಗದೆ ಅಡಗಿದ್ದ ಬಂಡಾಯಗಾರ ಇತಿಹಾಸದಲ್ಲಿ ಮೈಕೆಲ್ ಡ್ವಯರ್ ಆಗಿಯೇ ಉಳಿದಿದ್ದಾನೆ. ಅವನನ್ನು ಕೊನೆಗೆ ಆಸ್ಟ್ರೇಲಿಯಾಕ್ಕೆ ಸಾಗಿಸಿದರು. ಅಲ್ಲಿ ಹೋಗಿ ಅವನೇ ಪೊಲೀಸ್ ಕೆಲಸ ಹಿಡಿದ ಅನ್ನುವುದು ಬೇರೆ ಕಥೆ. 1893ರಲ್ಲಿ ಗೇಲಿಕ್ ಲೀಗ್ ಹುಟ್ಟಿ, ಐರಿಷ್ ಭಾಷೆಯ ಅಭಿಮಾನ ಮತ್ತೆ ಚಿಗುರಿದಾಗ ಬಹಳ ಮನೆಗಳು ಬಿಟ್ಟ 'ಓ'ವನ್ನು ವಾಪಸ್ ಸೇರಿಸಿಕೊಂಡವು.

ಹಾಗಂತ ಹೆಸರಿನಲ್ಲಿ 'ಓ' ಇದ್ದವರೆಲ್ಲ ಬ್ರಿಟಿಷರ ವಿರೋಧಿಗಳು ಅಂದುಕೊಂಡರೆ ಅದೂ ತಪ್ಪು. 1916ರಲ್ಲಿ ಡಬ್ಲಿನ್ ದಂಗೆಯ ಮೇಲೆ ಬ್ರಿಟಿಷ್ ಜನರಲ್ ಮ್ಯಾಕ್ಸ್‌ವೆಲ್ ಸಾಲಾಗಿ ಮರಣದಂಡನೆ ಜಾರಿ ಮಾಡಿದ. ದಂಗೆಕೋರರ ಕಡೆ ಒಲವಿದ್ದ ಇಬ್ಬರು ಪಾದ್ರಿಗಳನ್ನು ಹದ್ದುಬಸ್ತಿನಲ್ಲಿಡಿ ಎಂದು ಲಿಮರಿಕ್‌ನ ಬಿಷಪ್‌ಗೆ ಕಾಗದ ಬರೆದ. ಆಗೋದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಉತ್ತರ ಕೊಟ್ಟ ಬಿಷಪ್ ಹೆಸರು ಎಡ್ವರ್ಡ್ ಓಡ್ವಯರ್, ಟಿಪ್ಪರರಿಯವನು. ಮೂರೇ ವರ್ಷದ ನಂತರ ಲಾಹೋರಿನಲ್ಲಿ ಕೂತು ಇನ್ನೊಬ್ಬ ಜನರಲ್ ಮಾಡಿದ್ದು ಸರಿ ಎಂದು ಒಪ್ಪಿಗೆ ಕಳಿಸಿದವನೂ ಟಿಪ್ಪರರಿಯ ಓಡ್ವಯರನೇ. ಇವನಿಗೆ ತನ್ನ ಐರಿಷ್ ಮನೆತನದ ಮೇಲೆ ಎಷ್ಟು ಹೆಮ್ಮೆ ಅಂದ್ರೆ, 1933ರಲ್ಲಿ ಕಿಲ್ನಮಾನದ ಓಡ್ವಯರ್‌ಗಳ ಚರಿತ್ರೆಯನ್ನು ತಾನೇ ಪುಸ್ತಕವಾಗಿ ಬರೆದ. ಇಂಗ್ಲಿಷರಿಂದ ಜಮೀನು ಕಳಕೊಂಡ ಪೂರ್ವಿಕರ ಕಥೆ ಬರೆದವನೂ ಅವನೇ, ಪಂಜಾಬಿನಲ್ಲಿ ಮಾಡಿದ್ದನ್ನು ಕೊನೆಯವರೆಗೂ ಸಮರ್ಥಿಸಿಕೊಂಡವನೂ ಅವನೇ.

ಗೊಂದಲಕ್ಕೆ ತುಪ್ಪ ಸುರಿಯುವ ಕಾಕತಾಳೀಯಗಳೂ ಇವೆ, ಒಪ್ಪುತ್ತೇನೆ. ಇಬ್ಬರೂ ಹುಟ್ಟಿದ್ದು 1864ರಲ್ಲಿ. ಡಯರ್ ಹುಟ್ಟಿದ್ದು ಈಗ ಪಾಕಿಸ್ತಾನದಲ್ಲಿರುವ ಮರ್ರೀ ಬೆಟ್ಟದಲ್ಲಿ, ಬಿಯರ್ ತಯಾರಿಸುವವರ ಮನೆಯಲ್ಲಿ. ಆ ಮನೆತನದ ಹೆಸರು ಡಯರ್ ಮೀಕಿನ್ ಎಂಬ ಕಂಪನಿಯಲ್ಲಿ ಸ್ವಾತಂತ್ರ್ಯದ ನಂತರವೂ ಇತ್ತು. ಇವತ್ತು ಓಲ್ಡ್ ಮಾಂಕ್ ಮಾಡುವ ಮೋಹನ್ ಮೀಕಿನ್ ಅದರದೇ ಮುಂದುವರಿಕೆ. ಸಾಲದು ಅಂತ ಡಯರ್ ಹುಡುಗನಾಗಿದ್ದಾಗ ಓದಿದ್ದು ಐರ್ಲೆಂಡಿನ ಕಾರ್ಕ್ ಕೌಂಟಿಯ ಶಾಲೆಯಲ್ಲಿ. ಹೀಗೆ ಐರ್ಲೆಂಡಿನಲ್ಲಿ ಓದಿದ ಇಂಗ್ಲಿಷ್ ಹೆಸರಿನವನು ಗುಂಡು ಹಾರಿಸಲು ಹೇಳಿದ, ಅಪ್ಪಟ ಐರಿಷ್ ಹೆಸರಿನವನು ಅದನ್ನು ಒಪ್ಪಿದ. ಇಬ್ಬರನ್ನೂ ಒಂದು ಮಾಡಿದರೆ ಉಧಮ್ ಸಿಂಗ್ ಯಾಕೆ ಅಷ್ಟು ವರ್ಷದ ಮೇಲೆ ಗವರ್ನರ್ ಆಗಿದ್ದವನತ್ತ ಪಿಸ್ತೂಲು ಹಿಡಿದ ಅನ್ನುವ ಪ್ರಶ್ನೆಯೇ ಏಳುವುದಿಲ್ಲ.

ಕನ್ನಡದಲ್ಲಿ ಬರೆಯುವುದು ಹೇಗೆ? ಓಡ್ವಯರ್ ಅಥವಾ ಓಡ್ವಾಯರ್, ಎರಡೂ ನಡೆಯುತ್ತೆ. ಓ ನಂತರ ಚುಕ್ಕಿ ಬೇಡ, ಅದು ಇನಿಷಿಯಲ್ ಅಲ್ಲ. ಪುಸ್ತಕದ ಪದಸೂಚಿಯಲ್ಲಿ ಹಾಕುವಾಗ 'ಓ' ಅಡಿಯಲ್ಲಿ ಹಾಕಿ, 'ಡ' ಅಡಿಯಲ್ಲಿ ಅಲ್ಲ. ಪೋಸ್ಟರಿನಲ್ಲಿ ಜಾಗ ಸಾಲದಿದ್ದರೆ ಮೈಕೆಲ್ ಅನ್ನೋದನ್ನು ಬೇಕಾದರೆ ಬಿಡಿ, ವಕಾರದ ಒತ್ತು ಮಾತ್ರ ಬಿಡಬೇಡಿ.